ಹಳೇ ನುಸಿ ಎಲ್ಲಿ ಹೋತು

2021ರ ಡಿಸೆಂಬರ್. ರಾತ್ರಿ ಊಟಕ್ಕೆ ಕೂತಿದ್ದೆ, ಚಿಗಪ್ಪನ ಫೋನ್ ಬಂತು. "ಯವ್ವಾ, ಗಿಡದಾಗ ಹೂವು ನಿಂದ್ರವಲ್ವು. ಐತವಾರ ಬಂದು ನೋಡಿ ಹೋಗು. ಬರುವಾಗ ನಿನ್ನ ಸಾಲಿ ಕನ್ನಡಿ ತಗಂಡು ಬಾ" ಅಂದರು. ನಾನು ಬಳ್ಳಾರಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಸಾಲಿ ಕನ್ನಡಿ ಅಂದರೆ ನಮ್ಮ ಲ್ಯಾಬಿನ ಭೂತಗನ್ನಡಿ.

ನಮ್ಮೂರು ಸಿರುಗುಪ್ಪ ತಾಲೂಕಿನದು. ಕಾಲುವೆ ನೀರು ಹತ್ತುವ ಕಡೆ ಎಲ್ಲರದೂ ನೆಲ್ಲು. ಎತ್ತರದ ಎರೆ ಹೊಲದಲ್ಲಿ ಮೆಣಸಿನಕಾಯಿ. ಚಿಗಪ್ಪನದು ಅಂಥ ಮೂರು ಎಕರೆ. ಐತವಾರ ಬೆಳಿಗ್ಗೆ ಹೋದಾಗ ಗಿಡಗಳು ಸೊಂಟದ ಮಟ್ಟ ಬಂದಿದ್ದವು. ದೂರದಿಂದ ನೋಡಿದರೆ ಒಳ್ಳೆ ಬೆಳೆ ಅಂತಲೇ ಅನ್ನಬೇಕು. ಸಾಲಿನ ನಡುವೆ ಕಾಲಿಟ್ಟ ಮೇಲೆ ಗೊತ್ತಾಗಿದ್ದು. ಬುಡದಲ್ಲೆಲ್ಲ ಬಿಳಿ ಹೂವು ಬಿದ್ದಿದ್ದವು, ಕೆಲವು ಇನ್ನೂ ಬಾಡಿರಲಿಲ್ಲ. ಚಿಗಪ್ಪ ಗಿಡದಿಂದ ಒಂದು ಹೂ ಕಿತ್ತು ಅಂಗೈ ಮೇಲೆ ಬಡಿದರು. ಕರಿ ಎಳ್ಳನ್ನು ನಾಲ್ಕು ಚೂರು ಮಾಡಿದಂಥ ಚುಕ್ಕೆಗಳು ಬಿದ್ದವು. ಬಿದ್ದದ್ದೇ ತಡ, ಬೆರಳ ಸಂದಿಗೆ ಓಡತೊಡಗಿದವು. ಎಣಿಸಲು ಹೋದೆ, 17ಕ್ಕೆ ಲೆಕ್ಕ ತಪ್ಪಿತು. ಒಂದೇ ಹೂವಿನಲ್ಲಿ.

ಆ ಚಳಿಗಾಲ ಏನಾಯಿತು ಅಂತ ಮೆಣಸಿನಕಾಯಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಗುಂಟೂರಿನಿಂದ ಹಿಡಿದು ನಮ್ಮ ರಾಯಚೂರು, ಬಳ್ಳಾರಿ ತನಕ ಎಲ್ಲಾ ಕಡೆ ಇದೇ ಮಾತು. ಆಂಧ್ರದ ಕಡೆಯವರು ನಲ್ಲ ತಾಮರ ಅಂದರು, ನಮ್ಮವರು ಕರಿ ನುಸಿ ಅಂದರು, ಪೇಪರಿನಲ್ಲಿ ಕಪ್ಪು ಥ್ರಿಪ್ಸ್ ಅಂತ ಬಂತು. ಥ್ರಿಪ್ಸ್ ಅಂದರೆ ಗಿಡದ ರಸ ಹೀರುವ ಪುಟ್ಟ ಕೀಟ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಇದು ಎಲ್ಲಿಂದ ಬಂತು? ಚಿಗಪ್ಪ ಮಾತ್ರ ಬೇರೆ ಕೇಳಿದರು. ಕನ್ನಡಿಯಲ್ಲಿ ತುಂಬಾ ಹೊತ್ತು ನೋಡಿ, ಕಣ್ಣು ಒರೆಸಿಕೊಂಡು, "ಮೂವತ್ತು ವರ್ಷ ಆತು ನಾನು ಮೆಣಸಿನಗಿಡ ಹಚ್ಚಾಕ ಹತ್ತಿ. ನಮ್ಮ ನುಸಿ ಹಳದಿ ಇರತಿತ್ತು. ಇದು ಕರಿ ಐತಿ. ಇದು ಬಂತು, ಖರೆ. ಮತ್ತ ಆ ಹಳೇ ನುಸಿ ಎಲ್ಲಿ ಹೋತು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಅವತ್ತು ತಲೆಗೆ ಹತ್ತಿದ್ದು ಇನ್ನೂ ಇಳಿದಿಲ್ಲ. ನಾವು ಹುಳದ ಬಗ್ಗೆ ಮಾತಾಡುವಾಗ ಒಂದು ಕಡೆ ನಾವು, ಇನ್ನೊಂದು ಕಡೆ ಹುಳ ಅಂತಲೇ ಮಾತಾಡುತ್ತೇವೆ. ಹುಳ ಹುಳದ ನಡುವೆ ಏನು ನಡೆದಿದೆ ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಮೇಲಕ್ಕೆ ಮುದುಡಿದ ಎಲೆ, ಕೆಳಕ್ಕೆ ಮುದುಡಿದ ಎಲೆ

ಮೆಣಸಿನ ಗಿಡ ಯಾವತ್ತೂ ಒಂದೇ ಹುಳದ ಮನೆ ಆಗಿರಲಿಲ್ಲ. ಮುಟುರು ರೋಗ ಅಂತ ನಾವು ಒಂದೇ ಹೆಸರಲ್ಲಿ ಕರೆಯುತ್ತೇವಲ್ಲ, ಅದರಲ್ಲೇ ಇಬ್ಬರಿದ್ದಾರೆ. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯ ಹಾಗೆ ಆದರೆ ಅದು ಥ್ರಿಪ್ಸ್ ನುಸಿ. ಅಂಚು ಕೆಳಕ್ಕೆ ಬಾಗಿ, ತೊಟ್ಟು ಇಲಿ ಬಾಲದ ಹಾಗೆ ಉದ್ದ ಆದರೆ ಅದು ಮೈಟ್ ನುಸಿ. ಮೈಟ್ ಕೀಟವೇ ಅಲ್ಲ, ಎಂಟು ಕಾಲಿನದು, ಜೇಡನ ಬಳಗ. ಇಬ್ಬರಿಗೂ ಬೇಕಾಗಿದ್ದು ಎಳೆ ಎಲೆ. ಹಳೇ ರೈತರು ದೂರದಿಂದಲೇ ಎಲೆಯ ಮಡಿಕೆ ನೋಡಿ ಯಾರು ಬಂದಿದ್ದಾರೆ ಅಂತ ಹೇಳುತ್ತಾರೆ. ಚಿಗಪ್ಪನೂ ಹೇಳುತ್ತಿದ್ದರು. ಕರಿ ನುಸಿ ಬಂದ ವರ್ಷ ಆ ಓದು ಅವರ ಕೈಕೊಟ್ಟಿತು. ಎಲೆಯ ಅಡಿಯಲ್ಲಿ ಸೂಜಿಯಿಂದ ಗೀರಿದ ಹಾಗೆ ಕಂದು ಗೆರೆಗಳು, ಮೇಲ್ಭಾಗ ಹಳದಿ, ಹೂವಿನ ದಳದ ಮೇಲೆ ಕಂದು ಬರೆ. ಈ ಬರಹ ಅವರಿಗೆ ಹೊಸದು.

ಹಳದಿ ನುಸಿಯನ್ನು ನಾನು ಮೊದಲೂ ಕನ್ನಡಿಯಲ್ಲಿ ನೋಡಿದ್ದೆ. ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ. ಒಣ ಹುಲ್ಲಿನ ಬಣ್ಣ. ರೆಕ್ಕೆ ಅಂದರೆ ಒಂದು ಕಡ್ಡಿ, ಅದರ ಎರಡೂ ಪಕ್ಕ ಕೂದಲಿನ ಅಂಚು, ಥೇಟ್ ಹಕ್ಕಿ ಗರಿ. ಸುಳಿಯ ಎಳೆ ಎಲೆಯಲ್ಲಿ ನಡುನರದ ಗುಂಟ ಅಡಗಿರುತ್ತದೆ. ಕರಿ ನುಸಿ ಅದಕ್ಕಿಂತ ಸ್ವಲ್ಪ ದೊಡ್ಡದು. ಹೆಣ್ಣು ಮಾತ್ರ ಕಪ್ಪು, ಗಂಡು ಹಳದಿಯೇ. ಅದಕ್ಕೇ ಬಣ್ಣ ನೋಡಿ ಅವಸರದಲ್ಲಿ ತೀರ್ಮಾನ ಮಾಡಬಾರದು. ಇದರ ದೊಡ್ಡ ಠಿಕಾಣಿ ಹೂವು. ಹೂವಿನ ಒಳಗೆ ನುಗ್ಗಿ ಪರಾಗ ತಿನ್ನುತ್ತದೆ. ಆಗ್ನೇಯ ಏಷ್ಯಾದ ಕಡೆಯದು. ನಮ್ಮ ದೇಶದಲ್ಲಿ ಇದು ಇದೆ ಅಂತ ಮೊದಲು ವರದಿಯಾಗಿದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯ ಗಿಡದಲ್ಲಿ. ಅಂದರೆ ಮೆಣಸಿನಕಾಯಿಗೆ ಮುತ್ತಿಗೆ ಹಾಕುವ ಮುಂಚೆ ಐದಾರು ವರ್ಷ ನಮ್ಮ ನಡುವೆಯೇ ಇತ್ತು. 2021ರ ಆಮೇಲೆ ದಕ್ಷಿಣದ ರಾಜ್ಯಗಳಲ್ಲಿ ಸಂಶೋಧಕರು ಹೊಲ ಹೊಲ ತಿರುಗಿ ಹೂವು ಬಡಿದು ನೋಡಿದಾಗ, ಹಳದಿ ನುಸಿ ರಾಜ್ಯ ಆಳುತ್ತಿದ್ದ ಕಡೆ ಕರಿ ನುಸಿಯೇ ಜಾಸ್ತಿ ಸಿಕ್ಕಿತು. ಹಳೆಯದನ್ನು ಹೊಸದು ಬದಿಗೆ ತಳ್ಳಿತ್ತು.

ಇಲ್ಲಿ ನನಗೆ ಒಂದು ತೊಡಕು ಕಂಡಿತು. 1934ರಲ್ಲಿ ಗೌಸ್ ಅಂತ ಒಬ್ಬ ರಷ್ಯನ್ ವಿಜ್ಞಾನಿ ತನ್ನ ಗಾಜಿನ ಕೊಳವೆಗಳ ಫಲಿತಾಂಶ ಪ್ರಕಟಿಸಿದ. ನಾವು ಸಾಲಿಯಲ್ಲಿ ಚಿತ್ರ ಬರೆಸುತ್ತೇವಲ್ಲ, ಚಪ್ಪಲಿ ಆಕಾರದ ಪ್ಯಾರಾಮೀಸಿಯಂ, ಅದರ ಎರಡು ಜಾತಿಗಳನ್ನು ಒಂದೇ ಕೊಳವೆಯಲ್ಲಿ ಒಂದೇ ಊಟ ಕೊಟ್ಟು ಬಿಟ್ಟ. ಒಂದು ಉಳಿಯಿತು, ಇನ್ನೊಂದು ಅಳಿಯಿತು. ಆದರೆ ಬೇರೆ ಒಂದು ಜೋಡಿಯಲ್ಲಿ ಎರಡೂ ಉಳಿದವು. ಯಾಕೆಂದರೆ ಒಂದು ಕೊಳವೆಯ ತಳದಲ್ಲಿ ಮೇಯುತ್ತಿತ್ತು, ಇನ್ನೊಂದು ಮೇಲೆ. ಹಾಗಾದರೆ ಹಳದಿ ನುಸಿ ಎಲೆಯಲ್ಲಿ, ಕರಿ ನುಸಿ ಹೂವಿನಲ್ಲಿ ಇದ್ದು ಹೊಂದಿಕೊಂಡು ಹೋಗಬೇಕಿತ್ತಲ್ಲ? ಕನ್ನಡಿ ಹಿಡಿದು ಹೊಲ ಸುತ್ತಿದ ಮೇಲೆ ನನಗೆ ಅನ್ನಿಸಿದ್ದು ಇದು. ಕರಿ ನುಸಿಗೆ ಹೂವು ತವರು ಅಷ್ಟೇ. ಅದು ಎಲೆಯ ಅಡಿಯನ್ನೂ ಬಿಡುವುದಿಲ್ಲ. ಹಳದಿ ನುಸಿಯ ಅಡುಗೆಮನೆಗೂ ಬಂದು ಕೂರುತ್ತದೆ. ಪರಾಗದಂಥ ಗಟ್ಟಿ ಊಟ ಬೇರೆ ಇದೆ, ಪರಾಗ ತಿಂದ ಥ್ರಿಪ್ಸ್ ಮೊಟ್ಟೆ ಜಾಸ್ತಿ ಇಡುತ್ತದೆ. ಎರಡು ಹೊಲ ಇದ್ದವನ ಮುಂದೆ ಒಂದೇ ಹೊಲದವನು ಎಷ್ಟು ದಿನ ತಡೆದಾನು?

ಔಷಧಿ ಬಾಟಲಿ

ಹುಳ ಹುಳವನ್ನು ತಡೆಯುತ್ತದೆ ಅನ್ನುವುದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಅಮ್ಮನ ತವರು ರಾಯಚೂರಿನ ಮಾನ್ವಿ ಕಡೆ. ತೊಂಬತ್ತರ ದಶಕ, ನಾನು ಚಿಕ್ಕವಳು. ಹತ್ತಿಗೆ ಹಸಿರು ಕೀಡಿ, ಅಂದರೆ ಕಾಯಿ ಕೊರಕ, ಬಿದ್ದು ಊರೇ ಕಂಗೆಟ್ಟಿತ್ತು. ಎಣ್ಣಿ, ಅಂದರೆ ಕೀಟನಾಶಕ, ಹೊಡೆದು ಹೊಡೆದು ಸೋತ ತಾತ ಕೊನೆಗೆ ನಮ್ಮನ್ನು, ಅಂದರೆ ರಜೆಗೆ ಬಂದ ಮೊಮ್ಮಕ್ಕಳನ್ನು, ಹೊಲದ ಸಾಲಿಗೆ ಇಳಿಸಿದರು. ನೂರು ಕೀಡಿ ಆರಿಸಿದರೆ ಒಂದು ರೂಪಾಯಿ. ಹತ್ತಿ ಕಾಯಿಗೆ ತೂತು ಕೊರೆದು ತಲೆ ಒಳಗೆ, ಅರ್ಧ ಮೈ ಹೊರಗೆ ಬಿಟ್ಟುಕೊಂಡು ಕೂತಿರುತ್ತಿದ್ದವು. ಕೆಲವು ಹಸಿರು, ಕೆಲವು ಕಂದು, ಪಕ್ಕದಲ್ಲಿ ಬಿಳಿ ಪಟ್ಟಿ. ಹಿಡಿದರೆ ಬಾಯಿಂದ ಹಸಿರು ರಸ ಕಾರುತ್ತಿದ್ದವು. ಆ ಕಲೆ ಬೆರಳಿಂದ ಸಂಜೆ ತನಕ ಹೋಗುತ್ತಿರಲಿಲ್ಲ.

ಎಲ್ಲರೂ ಸೀಮೆಎಣ್ಣೆ ನೀರಿನ ಡಬ್ಬಿಗೆ ಹಾಕುತ್ತಿದ್ದರು. ನಾನು 12 ಕೀಡಿಗಳನ್ನು ಒಂದು ಖಾಲಿ ಟಾನಿಕ್ ಬಾಟಲಿಗೆ ಹಾಕಿ, ಎರಡು ಎಳೆ ಕಾಯಿ, ನಾಲ್ಕು ಎಲೆ ಇಟ್ಟು, ಬಾಯಿಗೆ ಹಳೇ ಧೋತರದ ಚೂರು ಕಟ್ಟಿದೆ. ಚಿಟ್ಟೆ ಆಗುತ್ತವೆ ಅಂತ ಯಾರೋ ಹೇಳಿದ್ದರು, ನೋಡಬೇಕಿತ್ತು. ಮರುದಿನ ಸಂಜೆ ಎಣಿಸಿದರೆ ಐದು. ಬಟ್ಟೆ ಬಿಗಿಯಾಗಿಯೇ ಇತ್ತು. ಬಾಟಲಿ ತಳದಲ್ಲಿ ಕರಿ ಹಿಕ್ಕೆ, ಅದರ ನಡುವೆ ಒಂದು ತಲೆಯ ಚಿಪ್ಪು. ಮೂರನೇ ದಿನ ಎರಡೇ ಇದ್ದವು. ದೊಡ್ಡದು ಸಣ್ಣದರ ಪಕ್ಕೆಗೆ ಬಾಯಿ ಹಾಕಿತ್ತು, ಸಣ್ಣದು ಇನ್ನೂ ಹೊರಳುತ್ತಿತ್ತು. ಪಕ್ಕದಲ್ಲೇ ತಿನ್ನದೆ ಬಿಟ್ಟ ಕಾಯಿ ಇತ್ತು. ನಾನು ಅಳುತ್ತಾ ಅಮ್ಮಮ್ಮನ ಹತ್ತಿರ ಓಡಿದೆ. ಆಕೆ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ, "ಜಾಗಾ ಸಾಲಲಿಲ್ಲವ್ವ ಅವಕ್ಕ" ಅಂದಳು. ಕಾಯಿ ಇತ್ತಲ್ಲ ಅಂದೆ. "ಕಾಯಿ ಇದ್ರೇನು, ಜಾಗಾ ಬ್ಯಾರೆ" ಅಂದಳು.

ಈಗ ಗೋವಿನಜೋಳದ ಸುಳಿ ಬಿಡಿಸಿದಾಗಲೂ ಆ ಮಾತು ನೆನಪಾಗುತ್ತದೆ. ಕೊಪ್ಪಳದ ಯಲಬುರ್ಗಾ ಕಡೆ ಅಕ್ಕನ ಮನೆ. ಅಮೆರಿಕದ ಸೈನಿಕ ಹುಳು 2018ರಲ್ಲಿ ಶಿವಮೊಗ್ಗದಲ್ಲಿ ಮೊದಲ ಸಲ ಕಂಡಿತಲ್ಲ, ಬೇಗನೇ ಇವರ ಹೊಲಕ್ಕೂ ಬಂತು. ಸುಳಿ ತುಂಬಾ ಲದ್ದಿ, ಅದಕ್ಕೇ ಲದ್ದಿ ಹುಳು ಅಂತ ಹೆಸರು. ಮೊಟ್ಟೆ ನೂರಾರು ಒಟ್ಟಿಗೆ ಇಡುತ್ತದೆ, ಆದರೆ ಬಲಿತ ಹುಳ ಸುಳಿಗೆ ಸಾಮಾನ್ಯವಾಗಿ ಒಂದೇ. ಉಳಿದವು ಬೇರೆ ಗಿಡಕ್ಕೆ ಹೋಗಿರುತ್ತವೆ, ಇಲ್ಲವೇ ಅಣ್ಣನ ಹೊಟ್ಟೆಗೆ. ಆ ಸುಳಿಯಲ್ಲಿ ಮೊದಲು ನಮ್ಮ ಕಾಂಡ ಕೊರಕ ಇತ್ತು. ಆ ಕಾಂಡ ಕೊರಕ ಕೂಡ ಎಲ್ಲಾ ಕಡೆ ಪಾಪದ್ದಲ್ಲ. ಏಷ್ಯಾದಿಂದ ಆಫ್ರಿಕಾಕ್ಕೆ ಹೋಗಿ, ಕೀನ್ಯಾದ ಕರಾವಳಿಯಲ್ಲಿ ಅಲ್ಲಿನದೇ ಒಂದು ಕೊರಕವನ್ನು ಬಹಳಷ್ಟು ಕಡೆ ಹಿಂದೆ ಸರಿಸಿತು. ಬೇಗ ಬೆಳೆಯುತ್ತದೆ, ಬೇಸಿಗೆಯ ನಿದ್ದೆಯಿಂದ ಬೇಗ ಏಳುತ್ತದೆ, ಎಳೆ ಜೋಳಕ್ಕೆ ಮೊದಲು ಮುಟ್ಟುತ್ತದೆ. ಊರಲ್ಲಿ ಮೊದಲು ಎದ್ದವನಿಗೆ ಬಾವಿ ನೀರು ಸಿಕ್ಕ ಹಾಗೆ.

ಗಿಡ ಸುಮ್ನೆ ನಿಂತಿರುವುದಿಲ್ಲ

ತುಂಬಾ ವರ್ಷ ವಿಜ್ಞಾನಿಗಳೇ ಹುಳ ಹುಳದ ನಡುವಿನ ಈ ಪೈಪೋಟಿಯನ್ನು ಅಷ್ಟಾಗಿ ನಂಬಿರಲಿಲ್ಲ. ನೆಲ ಇಷ್ಟೊಂದು ಹಸಿರಾಗಿದೆ, ಎಲೆ ತಿನ್ನುವ ಹುಳಕ್ಕೆ ಎಲೆಯ ಬರ ಎಲ್ಲಿದೆ, ಅವುಗಳನ್ನು ತಿನ್ನುವ ಶತ್ರುಗಳೇ ಅವುಗಳ ಲೆಕ್ಕ ಇಡುತ್ತವೆ ಅಂತ 1960ರಲ್ಲಿ ಅಮೆರಿಕದ ಮೂವರು ವಾದಿಸಿದರು. ಆ ಮಾತು ಬಹಳ ಕಾಲ ನಡೆಯಿತು. 1995ರಲ್ಲಿ ಬೇರೆ ಮೂವರು ಅದುವರೆಗಿನ ಅಧ್ಯಯನಗಳನ್ನು ಒಟ್ಟು ಮಾಡಿ, ಗಿಡ ತಿನ್ನುವ ಕೀಟಗಳ 193 ಜೋಡಿಗಳನ್ನು ನೋಡಿದರು. ಶೇ 76ರಲ್ಲಿ ಪೈಪೋಟಿ ಇತ್ತು. ಎಷ್ಟೋ ಸಲ ಎರಡೂ ಮುಖಾಮುಖಿ ಆಗುವುದೇ ಇಲ್ಲ. ಒಂದು ಕಚ್ಚಿದ್ದಕ್ಕೆ ಗಿಡ ಸಿಟ್ಟಾಗುತ್ತದೆ, ಆ ಸಿಟ್ಟು ಇನ್ನೊಂದಕ್ಕೆ ತಟ್ಟುತ್ತದೆ.

ಇದನ್ನು ಹತ್ತಿಯಲ್ಲಿ ನೋಡಬಹುದು. ಹತ್ತಿ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ, ಸಣ್ಣ ಸಣ್ಣ ಕರಿ ಚುಕ್ಕೆ ಕಾಣುತ್ತವೆ. ಅವು ಗ್ರಂಥಿಗಳು. ಗಾಸಿಪಾಲ್‌ನಂಥ ಕಹಿ ವಿಷ ತುಂಬಿರುತ್ತದೆ. ಕೀಡಿ ಎಲೆ ಹರಿದಾಗ ಗಿಡ ಹೊಸ ಎಲೆಗಳಲ್ಲಿ ಈ ಸರಂಜಾಮು ಜಾಸ್ತಿ ಮಾಡುತ್ತದೆ. ಸ್ವಿಟ್ಜರ್ಲೆಂಡ್‌ನ ಸಂಶೋಧಕರು 2013ರಲ್ಲಿ ತೋರಿಸಿದ್ದು ಏನೆಂದರೆ, ಹೀಗೆ ಕಹಿಯಾದ ಗಿಡದಲ್ಲಿ ರಸ ಹೀರುವ ಸಸ್ಯಹೇನು ಕಡಿಮೆ ಬೆಳೆಯುತ್ತದೆ. ಬಿಟಿ ಹತ್ತಿಯಲ್ಲಿ, ಅಂದರೆ ಕೀಡಿ ಕೊಲ್ಲುವ ವಿಷವನ್ನು ಗಿಡವೇ ಮಾಡಿಕೊಳ್ಳುವ ಹತ್ತಿಯಲ್ಲಿ, ಕೀಡಿ ಒಂದೆರಡು ಸಲ ಕಚ್ಚಿ ಸತ್ತುಹೋಗುತ್ತದೆ, ಗಿಡಕ್ಕೆ ಸಿಟ್ಟೇ ಬರುವುದಿಲ್ಲ, ಹೇನಿಗೆ ಹಬ್ಬ. ಇದನ್ನು ಓದಿದ ದಿನ ನನಗೆ ತಾತನ ಹೊಲ ಕಣ್ಣ ಮುಂದೆ ಬಂತು. ನಾವು ಆರಿಸುತ್ತಿದ್ದ ಆ ಕೀಡಿ, ಬೆಳೆ ಹಾಳು ಮಾಡುತ್ತಲೇ, ಬೇರೆ ಯಾರಿಗೋ ಬಾಗಿಲನ್ನೂ ಹಾಕಿತ್ತು.

ಬಿಟಿ ಬಂದಿದ್ದು 2002ರಲ್ಲಿ. ಅದರಿಂದ ಒಳ್ಳೆಯದಾಗಲಿಲ್ಲ ಅಂತ ನಾನು ಹೇಳುವುದಿಲ್ಲ. ಎಣ್ಣಿ ಪಂಪ್ ಹೊತ್ತು ತಲೆಸುತ್ತಿ ಸಾಲಲ್ಲೇ ಬಿದ್ದ ಸೋದರಮಾವನನ್ನು ನೋಡಿದವಳು ನಾನು. ಹಸಿರು ಕೀಡಿ ಕಡಿಮೆಯಾದ ಕೆಲವು ವರ್ಷ ಆ ಮನೆ ಉಸಿರಾಡಿತು. ಆದರೆ ಖಾಲಿಯಾದ ಜಾಗ ಖಾಲಿ ಉಳಿಯಲಿಲ್ಲ. 2005ರ ಹೊತ್ತಿಗೆ ಕರ್ನಾಟಕದ ಬಿಟಿ ಹತ್ತಿಯಲ್ಲಿ ಮಿರಿಡ್ ತಿಗಣೆ ಎದ್ದಿತು, ಮೊಗ್ಗು ಎಳೆ ಕಾಯಿ ಉದುರಿಸಿತು. ಹಿಟ್ಟು ತಿಗಣೆ ಬಂತು. ಚೀನಾದ ಉತ್ತರದಲ್ಲೂ ಇದೇ ಕಥೆ. ಕಾಯಿ ಕೊರಕಕ್ಕೆ ಅಂತ ಹೊಡೆಯುತ್ತಿದ್ದ ಎಣ್ಣಿ ನಿಂತಿದ್ದೇ ಮಿರಿಡ್‌ಗೆ ದಾರಿಯಾಯಿತು ಅಂತ ಅಲ್ಲಿನವರು 2010ರಲ್ಲಿ ಬರೆದರು. ಗುಲಾಬಿ ಕಾಯಿ ಕೊರಕದ್ದು ಬೇರೆ ವಿಷಯ. ಅದು ಬಿಟಿ ವಿಷವನ್ನೇ ಅರಗಿಸಿಕೊಂಡು ಬಂದದ್ದು. ಹಾಗೆ ಆಗುವುದು ತಡವಾಗಲಿ ಅಂತ ಬೀಜದ ಚೀಲದ ಜೊತೆ ಕೊಡುತ್ತಿದ್ದ 120 ಗ್ರಾಂ ಬಿಟಿ ಅಲ್ಲದ ಬೀಜವನ್ನು ಹೊಲದ ಸುತ್ತ ಹಾಕಿ ಅಂತ ಹೇಳಿದ್ದರೂ ನಮ್ಮ ಮನೆಯಲ್ಲಿ ಅದನ್ನು ಹಾಕಲಿಲ್ಲ. ಆ ಪೊಟ್ಟಣ ಅಟ್ಟದ ಮೇಲೆ ಹಾಗೇ ಇತ್ತು.

ಎಣ್ಣಿ ಯಾರ ಕಡೆ

ಚಿಗಪ್ಪನ ಹೊಲಕ್ಕೆ ವಾಪಸ್ ಬರುತ್ತೇನೆ. ಆ ವರ್ಷ ಅವರು 11 ಸಲ ಎಣ್ಣಿ ಹೊಡೆದಿದ್ದರು. ಅಂಗಡಿಯಲ್ಲಿ ಒಂದೊಂದು ಹುಳಕ್ಕೆ ಒಂದೊಂದು ಬಾಟಲಿ ಕೊಟ್ಟರು. ಕೊನೆಗೆ ನಾಲ್ಕು ಬಾಟಲಿ ಒಂದೇ ಟ್ಯಾಂಕಿಗೆ ಮಿಕ್ಸಿಂಗ್ ಮಾಡಿದರು. ಅಂಗಡಿಯವರನ್ನು ದೂರುವುದಕ್ಕಿಂತ ನನಗೆ ಆ ಟ್ಯಾಂಕಿನಲ್ಲಿ ಏನು ನಡೆಯಿತು ಅನ್ನುವುದೇ ಮುಖ್ಯ. ಎಣ್ಣಿ ಎಲ್ಲರಿಗೂ ಒಂದೇ ಸಮ ತಾಗುವುದಿಲ್ಲ. ಥ್ರಿಪ್ಸ್ ಮೊಟ್ಟೆ ಗಿಡದ ಮೈಯೊಳಗೆ ಇರುತ್ತದೆ. ಕೋಶದ ಹಂತ ಹೆಚ್ಚಾಗಿ ಮಣ್ಣಲ್ಲಿ ಕಳೆಯುತ್ತದೆ. ಕರಿ ನುಸಿಯ ದೊಡ್ಡ ಹುಳ ಹೂವಿನ ಒಳಗೆ, ಹನಿ ಸುಲಭಕ್ಕೆ ಮುಟ್ಟದ ಕಡೆ. ಬಯಲಲ್ಲಿ ಓಡಾಡುವುದು ಯಾರು? ಗುಲಗಂಜಿ ಹುಳು, ಹಸಿರು ರೆಕ್ಕೆಯ ಲೇಸ್‌ವಿಂಗ್, ಥ್ರಿಪ್ಸನ್ನೇ ಹಿಡಿದು ಹೀರುವ ಸಣ್ಣ ತಿಗಣೆ. ಮೊದಲು ಬೀಳುವುದು ಅವು.

ಎಣ್ಣಿ ಗೆಲುವನ್ನೇ ತಿರುಗಿಸಿಬಿಡುತ್ತದೆ ಅನ್ನುವುದಕ್ಕೆ ಬಿಳಿ ನೊಣದ ಕಥೆ ಇದೆ. ನೋಡಲು ಒಂದೇ ಥರ ಇರುವ ಎರಡು ಬಗೆ, ಬಿ ಮತ್ತು ಕ್ಯೂ. ಬಿ ನಮ್ಮಲ್ಲಿ 1999ರಲ್ಲಿ ಕೋಲಾರದ ಟೊಮೆಟೊದಲ್ಲಿ ಕಂಡಿತ್ತು. ಚೀನಾದಲ್ಲಿ ಎರಡೂ ಇದ್ದವು. ಎಣ್ಣಿ ಇಲ್ಲದ ಗಿಡದ ಮೇಲೆ ಬಿಟ್ಟರೆ ಬಿ ಗೆಲ್ಲುತ್ತಿತ್ತು. ನಿಯೋನಿಕೋಟಿನಾಯ್ಡ್ ಗುಂಪಿನ ಎಣ್ಣಿ ಹೊಡೆದರೆ ಕ್ಯೂ ಗೆಲ್ಲುತ್ತಿತ್ತು, ಅದಕ್ಕೆ ಆ ವಿಷ ಅಷ್ಟಾಗಿ ನಾಟುತ್ತಿರಲಿಲ್ಲ. ಕೆಲವೇ ವರ್ಷದಲ್ಲಿ ಅಲ್ಲಿನ ಎಷ್ಟೋ ಕಡೆ ಕ್ಯೂ ಹಬ್ಬಿತು. ಸೋಲುತ್ತಿದ್ದವನನ್ನು ಗೆಲ್ಲಿಸಿದ್ದು ಪಂಪ್. ಇದನ್ನು ಚಿಗಪ್ಪನಿಗೆ ಹೇಳಿದಾಗ ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಬದುವಿನ ಮೇಲೆ ಕೂತು ಮಣ್ಣಿನ ಹೆಂಟೆ ಪುಡಿ ಮಾಡುತ್ತಾ, "ಅಂದ್ರ ನಾನು ದುಡ್ಡು ಕೊಟ್ಟು ಅದಕ್ಕ ಹೊಲ ಹಸನ ಮಾಡಿ ಕೊಟ್ಟಂಗಾತು" ಅಂದರು. ಹಾಗೆ ಅನ್ನಬೇಡಿ ಚಿಗಪ್ಪ ಅಂದೆ. ಆದರೆ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಮರುವರ್ಷದಿಂದ ಅವರು ಕೆಲಸದ ಕ್ರಮ ಬದಲಿಸಿದರು. ಹೊಲದ ಸುತ್ತ ಮೂರು ಸಾಲು ಮೆಕ್ಕೆಜೋಳ ಹಾಕಿದರು. ಗಿಡದ ಎತ್ತರಕ್ಕೆ ನೀಲಿ ಅಂಟು ಹಾಳೆ ಕಟ್ಟಿದರು. ಮೊದಲು ಬೇವಿನೆಣ್ಣೆ, ಬೇಕೆನಿಸಿದರೆ ಮಾತ್ರ ಬೇರೆ, ಅದೂ ಒಂದೇ ಗುಂಪಿನದನ್ನು ಮತ್ತೆ ಮತ್ತೆ ಹೊಡೆಯುವುದಿಲ್ಲ. ಉದುರಿದ ಹೂವನ್ನು ಬುಡದಲ್ಲಿ ಬಿಡದೆ ಆರಿಸಿ ಸುಡುತ್ತಾರೆ. ಎಲ್ಲಾ ವರ್ಷ ಒಂದೇ ಥರ ಫಲ ಸಿಕ್ಕಿಲ್ಲ. ಒಂದು ವರ್ಷ ಚಲೋ ಬಂತು, ಒಂದು ವರ್ಷ ಕಾಯಿ ತಗೊಂಡು ಬ್ಯಾಡಗಿಗೆ ಹೋದ ಲಾರಿ ಬಾಡಿಗೆಗೇ ಸರಿಹೋಯಿತು. ಆದರೆ ಪ್ರತಿ ಐತವಾರ ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ಹತ್ತು ಗಿಡದ ಹೂವು ಮತ್ತು ಸುಳಿಯನ್ನು ಬಿಳಿ ಹಾಳೆ ಮೇಲೆ ಬಡಿಯುವುದನ್ನು ಅವರು ತಪ್ಪಿಸಿಲ್ಲ. ಹಾಳೆ ನನ್ನ ಸಾಲಿಯ ಹಳೇ ಪರೀಕ್ಷೆ ಪೇಪರಿನ ಹಿಂಬದಿ. ಎರಡು ಗೆರೆ ಎಳೆದು ಒಂದು ಕಡೆ "ಕರಿ", ಇನ್ನೊಂದು ಕಡೆ "ಹಳದಿ" ಅಂತ ಬರೆದು ಎಣಿಕೆ ಹಾಕುತ್ತಾರೆ. ಹಳದಿಯ ಕಡೆ ಬಹಳ ದಿನ ಬರೀ ಸೊನ್ನೆಗಳೇ ಇದ್ದವು. ಕರಿಯ ಗಂಡು ಹಳದಿ ಇರುತ್ತದಲ್ಲ, ಅದಕ್ಕೆ ಅನುಮಾನ ಬಂದದ್ದನ್ನೆಲ್ಲ ನನಗಾಗಿ ಸ್ಪಿರಿಟ್ ಬಾಟಲಿಗೆ ಹಾಕಿ ಇಡುತ್ತಾರೆ.

ಹೋದ ಜನವರಿಯಲ್ಲಿ ಹೋಗಿದ್ದೆ. ಚಿಗಪ್ಪ ಪೂರ್ವದ ಬದುವಿನ ಹತ್ತಿರ, ಮೆಕ್ಕೆಜೋಳದ ನೆರಳು ಬೀಳುವ ಸಾಲಿನಲ್ಲಿ ಕೂತಿದ್ದರು. ಸುಮ್ನೆ ಕೈ ಮಾಡಿ ಕರೆದರು. ಒಂದು ಎಳೆ ಸುಳಿ, ಅಂಚು ಮೇಲಕ್ಕೆ ಮಡಚಿ ದೋಣಿಯ ಹಾಗೆ ಆಗಿತ್ತು. ನಾನು ಕನ್ನಡಿ ಹಿಡಿದೆ. ನಡುನರದ ಗುಂಟ ಒಣ ಹುಲ್ಲಿನ ಬಣ್ಣದ ಮೂರು ಮರಿ, ಒಂದು ಬಲಿತದ್ದು. ಬಲಿತದ್ದೂ ಸಣ್ಣ, ತೆಳ್ಳಗೆ, ಹೊಟ್ಟೆಯ ಮೇಲೆ ಮಸುಕು ಗೆರೆ. ಪಕ್ಕದ ಗಿಡದ ಹೂವಿನಲ್ಲಿ ಕರಿಯವು ನಾಲ್ಕು ಇದ್ದವು.

"ನಮ್ಮ ಹಳೇದ ಅಲ್ಲವ್ವಾ ಅದು?"

"ಹೌದು ಚಿಗಪ್ಪ, ಅದೇ ಇದ್ದಂಗಿದೆ."

ಅವರು ಕನ್ನಡಿ ಇಸಿದುಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಹಾಳೆಯನ್ನು ತೊಡೆ ಮೇಲೆ ಇಟ್ಟು, ಹಳದಿಯ ಕಡೆ ಒಂದು ಗೀಟು ಎಳೆದು, ಸುಳಿಯನ್ನು ಮುರಿಯದೆ ಹಾಗೇ ಬಿಟ್ಟು, ಮುಂದಿನ ಗಿಡಕ್ಕೆ ಸರಿದರು.